ಮಳೆ ಬಿದ್ದ ಹೊಯ್ಗೆ

"ಬಿಸಿ ಹೆಚ್ಚಾದ್ರೆ ಹೇಳಿ ಅಕ್ಕಾ. ನೀವು ಹೇಳದೇ ಇದ್ರೆ ನಂಗೆ ಗೊತ್ತಾಗೂದಿಲ್ಲ" ಎಂದು ನಾಗಶ್ರೀ ಎಂದಿನಂತೆ ಇವತ್ತೂ ಹೇಳಿದಳು. ಮಂಚದ ಮೇಲೆ ಬೋರಲು ಮಲಗಿದ್ದ ನೀತಾ "ಹೂಂ" ಎಂದಳು. ಹೇಳುವ ಇರಾದೆ ಮಾತ್ರ ಅವಳಿಗೆ ಎಳ್ಳಷ್ಟೂ ಇರಲಿಲ್ಲ.

ಕಾರವಾರದ ಆ ಬ್ಯೂಟಿ ಸೆಂಟರಿಗೆ ಹೊಸ ಮಷೀನು ಬಂದದ್ದು ಎರಡು ಸಾವಿರದ ಎಂಟರ ಮಳೆಗಾಲ ಮುಗಿದ ಮೇಲೆ. ಕೊಯ್ಯುವುದಿಲ್ಲ, ಹೊಲಿಯುವುದಿಲ್ಲ, ಬರೀ ಶಾಖದಿಂದಲೇ ಚರ್ಮ ಬಿಗಿಯಾಗಿ ತೊಡೆಯ ಗುಳಿಗಳೆಲ್ಲ ಮಾಯ ಎಂದು ಬಾಗಿಲ ಮೇಲೆ ಬೋರ್ಡು ಹಾಕಿದ್ದರು. ಬೋರ್ಡಿನ ಮೇಲಿದ್ದ ಹೆಂಗಸಿನ ಕಾಲು ನೋಡಿದರೆ, ಆಕೆ ಹುಟ್ಟಿದಾಗಿನಿಂದ ನೆಲಕ್ಕೆ ಹೆಜ್ಜೆಯನ್ನೇ ಊರಿಲ್ಲವೇನೋ ಅನ್ನಿಸಬೇಕು. ಅಂಕೋಲೆ ಹತ್ತಿರದ ಕೇಣಿಯ ನೀತಾ ಅದನ್ನು ಬಸ್ಸಿನ ಕಿಟಕಿಯಿಂದ ನೋಡಿದಳು. ನೋಡಿದ ಮೇಲೆ ಅವಳ ನಿದ್ದೆ ಕೆಟ್ಟಿತು.

ಕಾರಣ ಅವಳ ಗಂಡ ಕಿಶನ. ಹಡಗಿನ ಕೆಲಸ, ವರ್ಷಕ್ಕೊಮ್ಮೆ ರಜೆ. ಕಳೆದ ಸಲ ಬಂದಾಗ, ಅವಳು ಸೀರೆ ಬದಲಿಸುತ್ತಿದ್ದುದನ್ನು ಕಂಡು ನಕ್ಕಿದ್ದ. "ಮಳಿ ಬಿದ್ದ ಹೊಯ್ಗೆ ಹಾಂಗಾಗಿದೆ ಅಲಾ ನಿನ್ನ ತೊಡೆ!" ಮಳೆಯ ದಪ್ಪ ಹನಿಗೆ ದಂಡೆಯ ಮರಳು ಹೇಗೆ ಗುಳಿಗುಳಿಯಾಗುತ್ತದೆಂದು ಅವಳು ಹುಟ್ಟಿನಿಂದ ಕಂಡವಳು. ಹೋಲಿಕೆ ಸರಿಯಾಗಿಯೇ ಇತ್ತು, ಅದಕ್ಕೇ ಅದು ಅವಳಿಗೆ ನಾಟಿತು. ಅವನು ಹಡಗು ಹತ್ತಿ ಹೋದ, ಮಾತು ಮನೆಯಲ್ಲೇ ಉಳಿಯಿತು. ಈಗ ಶನಿವಾರ ಮತ್ತೆ ಬರುವವನಿದ್ದ. ಇನ್ನೊಮ್ಮೆ ಹಾಗೆ ನಕ್ಕರೆ ತಾನು ಅವನ ಮುಂದೆ ಮೊದಲಿನ ಹಾಗೆ ಇರಲಾರೆ ಎಂದು ನೀತಾಳಿಗೆ ಖಾತ್ರಿಯಾಗಿತ್ತು.

ನಾಗಶ್ರೀ ಹಟ್ಟಿಕೇರಿಯಿಂದ ದಿನಾ ಕೆಲಸಕ್ಕೆ ಬರುತ್ತಿದ್ದ ಹುಡುಗಿ. ತಣ್ಣನೆಯ ಜೆಲ್ ಹಚ್ಚಿ, ಮಷೀನಿನ ಹಿಡಿಕೆಯನ್ನು ತೊಡೆಯ ಹಿಂಭಾಗದಲ್ಲಿ ಸುತ್ತಿಸತೊಡಗಿದಳು.

"ಖರೆ ಹೇಳು. ಇದು ಹೋಗ್ತದಾ?" ನೀತಾ ಕೇಳಿದಳು.

ನಾಗಶ್ರೀ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಕೆಲವರಿಗೆ ಚರ್ಮ ಚೂರು ಬಿಗಿ ಆಗ್ತದೆ ಅಕ್ಕಾ, ಗುಳಿ ಕಮ್ಮಿ ಆದಾಂಗೆ ಕಾಣ್ತದೆ. ಪೂರ್ತಿ ಹೋದದ್ದು ನಾ ಒಬ್ರಲ್ಲೂ ನೋಡ್ಲಿಲ್ಲ. ಕಮ್ಮಿ ಆದದ್ದೂ ಕೆಲವು ತಿಂಗಳು ಬಿಟ್ರೆ ತಿರುಗಿ ಬತ್ತದೆ. ಅದು ಚರ್ಮದ ಅಡಿಗಿಂದು. ದಪ್ಪ ಇರ್ಲಿ, ಸಪೂರ ಇರ್ಲಿ, ಹೆಂಗಸ್ರಿಗೆ ಇರೂದೇಯ."

"ಕೆಲವು ತಿಂಗಳು ಸಾಕು. ಅವರ ರಜೆ ಇರೂದೇ ಅಷ್ಟು. ಬಿಸಿ ಹೆಚ್ಚು ಮಾಡು."

"ಬ್ಯಾಡ ಅಕ್ಕಾ."

"ಮಾಡೇ ಮಾರಾಯ್ತಿ. ನಂಗೆ ತಡ್ಕಳೂಕೆ ಆಗ್ತದೆ."

ತಡೆದುಕೊಳ್ಳುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಸಣ್ಣವಳಿದ್ದಾಗ ಅಪ್ಪ ದತ್ತಾನ ಬೆನ್ನಿಗೆ ನಿಂತು ರಂಪಣಿ ಬಲೆಯ ಹಗ್ಗ ಎಳೆದವಳು ಅವಳು. ಇಡೀ ಕೇರಿ ಸಾಲಾಗಿ ನಿಂತು ಕಡಲಿನಿಂದ ಬಲೆ ಎಳೆಯುವಾಗ ಹಗ್ಗ ಅಂಗೈ ಸುಲಿದರೂ ಯಾರೂ ಬಾಯಿ ಬಿಡುವಂತಿಲ್ಲ. ಒಬ್ಬರು ಅಯ್ಯೋ ಎಂದು ಕೈ ಸಡಿಲಿಸಿದರೆ ಸಾಲೆಲ್ಲ ಸಡಿಲಾಗಿ ಮೀನು ಮರಳಿ ಕಡಲಿಗೆ. "ಉರಿದ್ರೂ ಸುಮ್ನಿರು, ಬಲಿ ದಂಡಿಗೆ ಬರ್ಲಿ" ಎನ್ನುತ್ತಿದ್ದ ಅಪ್ಪ. ಬಲೆಯ ಕಾಲ ಹೋಗಿ ಎಷ್ಟೋ ವರ್ಷವಾಗಿತ್ತು, ಅವಳ ಬಾಯಿ ಮಾತ್ರ ಇನ್ನೂ ಮುಚ್ಚಿಯೇ ಇತ್ತು.

ಬಿಸಿ ಏರಿತು. "ಬಿಸಿ ಆಗ್ತದಾ?" ಎಂದು ನಾಗಶ್ರೀ ಕೇಳಿದಾಗಲೆಲ್ಲ ಅವಳು "ಇಲ್ಲ" ಎಂದಳು. ಅಷ್ಟರಲ್ಲಿ ಹೊರಗಿನಿಂದ ಮಾಲಕಿ ಏನೋ ಕೂಗಿ ಕೇಳಿದಳು. ನಾಗಶ್ರೀ ತಿರುಗಿ ಉತ್ತರ ಕೊಡುವಾಗ ಹಿಡಿಕೆ ನಿಂತಲ್ಲೇ ನಿಂತಿತು. ನೀತಾಳ ತೊಡೆಯೊಳಗೆ ಕೆಂಡ ಇಳಿದಂತಾಯಿತು. ಒಂದು ಮಾತು ಅಂದರೆ ಮುಗಿಯುತ್ತಿತ್ತು. ಅವಳು ಮಂಚದ ಸರಳನ್ನು ಹಗ್ಗ ಹಿಡಿದ ಹಾಗೆ ಹಿಡಿದು ಹಲ್ಲು ಕಚ್ಚಿದಳು. ಹೆಚ್ಚು ಉರಿದಷ್ಟೂ ಹೆಚ್ಚು ಗುಣ ಎಂಬ ಹುಚ್ಚು ಆಸೆ ಬೇರೆ.

ಸುಟ್ಟ ವಾಸನೆ ಬಂದಾಗ ಕಿರುಚಿದ್ದು ನಾಗಶ್ರೀ. "ದೇವ್ರೇ! ಎಂತಕೆ ಹೇಳ್ಲಿಲ್ಲ ಅಕ್ಕಾ?" ಅವಳು ಹಿಡಿಕೆ ಕಿತ್ತು ತೆಗೆದಳು. ನೀತಾ ಎದ್ದು ಕೂತು, "ನಿನ್ನ ತಪ್ಪಲ್ಲ" ಎಂದಷ್ಟೇ ಹೇಳಿದಳು.

ಅಂಕೋಲೆಯವರೆಗೆ ಅವಳು ಬಸ್ಸಿನಲ್ಲಿ ನಿಂತೇ ಬಂದಳು. ಡಾಕ್ಟರಿಗೆ ಬಿಸಿನೀರು ಚೆಲ್ಲಿತು ಎಂದಳು, ಅತ್ತೆ ಮಂಗಲಾಳಿಗೆ ಕಾಲು ಉಳುಕಿತು ಎಂದಳು. ಗುಳಿ ಮುಚ್ಚಲು ಹೋಗಿ ಸುಟ್ಟ ಬೊಬ್ಬೆ ತಂದುಕೊಂಡಿದ್ದಳು. ಅವನು ಈಗ ನಕ್ಕರೆ ಆ ನಗೆಯನ್ನು ಎಲ್ಲಿಡುವುದು?

ಶನಿವಾರ ಮಧ್ಯಾಹ್ನ ಕಿಶನ ಬಂದಿಳಿದ. ಅತ್ತೆ ಮೀನು ಮಾರಲು ಪೇಟೆಗೆ ಹೋಗಿದ್ದಳು. ನೀತಾ ನೀರು ಕೊಟ್ಟು ಒಳಗೆ ತಿರುಗಿದ್ದೇ ತಡ, ಅವನು ಹಿಂದಿನಿಂದ ಕೇಳಿದ.

"ಕಾಲಿಗೆ ಎಂತಾಯ್ತು?"

"ಎಂತಿಲ್ಲ."

"ಎಂತಿಲ್ಲ ಅಂದ್ರೆ? ಕುಂಟ್ತೆ ಅಲಾ ನೀನು."

ಅವನು ಕೋಣೆಯ ಬಾಗಿಲು ಮುಂದೆ ಮಾಡಿದ. ಅವಳು ಕಿಟಕಿಯತ್ತ ಮುಖ ಮಾಡಿ ನಿಂತು ಸೀರೆ ಬಿಗಿಹಿಡಿದಳು. ಅವನು ಅವಳ ಬೆರಳು ಬಿಡಿಸಿ ಸೀರೆ ಎತ್ತಿದ, ತೊಡೆಯ ಬ್ಯಾಂಡೇಜು ಕಂಡ. ಕಡೆಗೆ ಅವಳು ಎಲ್ಲವನ್ನೂ ಹೇಳಿದಳು. ಮಷೀನು, ಶಾಖ, ಮಳೆ ಬಿದ್ದ ಹೊಯ್ಗೆ.

"ಹಾಂಗೆ ಹೇಳಿದ್ದು ಯಾರು ನಿಂಗೆ?" ಕಿಶನ ಸಿಟ್ಟಿನಿಂದ ಕೇಳಿದ.

"ನೀವೇಯ."

"ನಾನಾ? ಯಾವಾಗ?"

ಅವನು ನಾಟಕ ಮಾಡುತ್ತಿರಲಿಲ್ಲ. ನಿಜಕ್ಕೂ ಅವನಿಗೆ ನೆನಪಿರಲಿಲ್ಲ. ಇಡೀ ವರ್ಷ ಅವಳು ಹೊತ್ತು ತಿರುಗಿದ್ದ ಮಾತನ್ನು ಅವನು ಅಂದ ಗಳಿಗೆಯಲ್ಲೇ ಮರೆತಿದ್ದ. ನೀತಾಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು.

ಅವನು ಮೆಲ್ಲಗೆ ಬ್ಯಾಂಡೇಜಿನ ಅಂಚು ಮುಟ್ಟಿದ. "ನೋವಾಗ್ತದಾ?"

'ಇಲ್ಲ' ಎಂಬುದು ನಾಲಿಗೆಯ ತುದಿಗೇ ಬಂದಿತ್ತು. ಅವಳ ಕೈ ಕಿಟಕಿಯ ಸರಳನ್ನು ಬಿಗಿಯಾಗಿ ಹಿಡಿದಿತ್ತು. ಅವಳು ಸರಳು ಬಿಟ್ಟಳು.

"ಹೌದು. ನೋವಾಗ್ತದೆ. ನೀವು ನಗ್ಯಾಡಿದ ದಿನದಿಂದ ನೋವಾಗ್ತೇ ಅದೆ."

ಕಿಶನ ಕೈ ಹಿಂದೆಗೆದ. ಬ್ಯಾಂಡೇಜಿನ ಸುತ್ತ ಗುಳಿಗಳು ಇದ್ದ ಹಾಗೇ ಇದ್ದವು. ನೀತಾ ಸೀರೆ ಕೆಳಗೆ ಎಳೆದುಕೊಳ್ಳಲಿಲ್ಲ.