ಎಳ್ಳಮಾಸಿಯ ಮರುವಾರದ ಸಾಲು

ತೆಲುಗು ನಾಡಿನ ಲಿಂಗಂಪಲ್ಲಿಯ ಸುತ್ತ ಗಾಜಿನ ಆಫೀಸುಗಳು ಕಣ್ಣುಮುಚ್ಚಿ ತೆಗೆಯುವಷ್ಟರಲ್ಲಿ ಅಂತಸ್ತು ಏರುತ್ತಿದ್ದ ಕಾಲ. ಅವನ್ನು ಕಟ್ಟಲು ಕಲಬುರಗಿ ಕಡೆಯಿಂದ ಬಂದವರ ಬಸ್ತಿ, ಅಲ್ಲೊಂದು ಸಣ್ಣ ದವಾಖಾನೆ. ಸೋಮವಾರ ಬಂತೆಂದರೆ ನರ್ಸ್ ಶಿವದೇವಿಗೆ ಎರಡು ಕೈ ಸಾಲದು. ಹೃದಯದ ಬಡಿತ ತಪ್ಪಿದವರು, ಕಾಲಲ್ಲಿ ರಕ್ತ ಹೆಪ್ಪುಗಟ್ಟಿದವರು, ಹೀಗೆ ರಕ್ತ ತೆಳುವಾಗಿಡುವ ಗುಳಿಗೆ ನುಂಗುವವರು ನಲವತ್ತು ಮಂದಿ. ಒಬ್ಬೊಬ್ಬರ ಬೆರಳು ಚುಚ್ಚಬೇಕು, ಮಷಿನ್ ತೋರಿಸಿದ ಅಂಕಿ ಬರೆಯಬೇಕು, ಗುಳಿಗೆ ಎಷ್ಟೆಂದು ಹೇಳಬೇಕು. ಅಂಕಿ ಎರಡರಿಂದ ಮೂರರೊಳಗಿದ್ದರೆ ಕ್ಷೇಮ; ಇಳಿದರೆ ರಕ್ತ ಹೆಪ್ಪುಗಟ್ಟೀತು, ಏರಿದರೆ ಸುರಿದೀತು.

ಇದು ಒಬ್ಬಳ ಕೈಲಾಗುವ ಕೆಲಸವಲ್ಲ, ಇನ್ನೊಮ್ಮೆ ಹೆಚ್ಚುಕಡಿಮೆಯಾದರೆ ಎಲ್ಲರನ್ನೂ ಊರೊಳಗಿನ ದೊಡ್ಡ ದವಾಖಾನೆಗೆ ದಾಟಿಸುತ್ತೇನೆಂದು ಡಾಕ್ಟರ್ ಮಹೇಶಕುಮಾರ ಹೇಳಿಬಿಟ್ಟಿದ್ದರು. ಎರಡು ಬಸ್ಸು ಬದಲಿಸಿ ಇವರು ಹೋಗುವುದುಂಟೇ? ಗುಳಿಗೆಯನ್ನೇ ಬಿಟ್ಟುಬಿಡುವರು. ಶಿವದೇವಿಗೆ ಅದೇ ಭಯ.

ಆ ಸೋಮವಾರ ಮೊದಲು ಕೂತವಳು ಗದಿಗೆಮ್ಮ. ಅಂಕಿ ಒಂದೂವರೆ. ಅವಳ ಹಿಂದಿನ ಸಂಗಣ್ಣನೂ ಒಂದೂವರೆ. ಹದಿನೈದು ಬೆರಳು ಮುಗಿದರೂ ಒಬ್ಬರ ಅಂಕಿಯೂ ಎರಡು ಮುಟ್ಟಲಿಲ್ಲ. ಶಿವದೇವಿ ಮಷಿನ್ನು ಒರೆಸಿದಳು, ತಟ್ಟಿದಳು, ಇನ್ನು ಊದುಬತ್ತಿ ಬೆಳಗುವುದೊಂದು ಬಾಕಿ. ಡಾಕ್ಟರು ಬಂದು ನೋಡಿ, ಎಲ್ಲರಿಗೂ ಗುಳಿಗೆ ಏರಿಸಿ ದೊಡ್ಡ ದವಾಖಾನೆಗೆ ಚೀಟಿ ಬರೆಯತೊಡಗಿದರು.

ಅಷ್ಟರಲ್ಲಿ ತೆಲುಗಿನ ವಾಚ್‌ಮನ್ ನರಸಯ್ಯನ ಸರದಿ. ಎರಡೂವರೆ, ಎಂದಿನಂತೆ. ಮಷಿನ್ ಸರಿ ಇದೆ; ಕೆಟ್ಟದ್ದು ಸಾಲು! ಸೊಪ್ಪು ಒಮ್ಮೆಲೇ ಹೆಚ್ಚು ತಿಂದರೆ ಗುಳಿಗೆಯ ಬಲ ಕುಗ್ಗುತ್ತದೆ, ದಿನಾ ಒಂದೇ ಹದವಿರಲಿ ಎಂದು ಶಿವದೇವಿ ವಾರವಾರ ಹೇಳಿದ್ದಳು. ಏನು ತಿಂದಿರೆಂದು ಕೇಳಿದರೆ ಸಾಲಿಗೆ ಸಾಲೇ ನೆಲ ನೋಡಿತು.

"ಎಳ್ಳಮಾಸಿ ಅಲ್ಲೇನ್ರಿ ನರ್ಸ್ ಬಾಯಾರ," ಎಂದಳು ಗದಿಗೆಮ್ಮ. "ಭಜ್ಜಿ ತಿನ್ನದ ಇರಾಕ ಆಗತೈತೇನು? ನಿಮಗೂ ತಂದೀನಿ."

ಎಳ್ಳು ಅಮಾವಾಸ್ಯೆಯ ಹಬ್ಬಕ್ಕೆಂದು ಹತ್ತು ಬಗೆಯ ಸೊಪ್ಪು, ಹಸಿಕಾಳು ಕೂಡಿಸಿ ಕುದಿಸಿದ ಭಜ್ಜಿ. ಭೂತಾಯಿಗೆ ಎಡೆಯಾಗಿ ಚರಗ ಚೆಲ್ಲಲು ಹೊಲವಿಲ್ಲದೆ ಅರ್ಧ ಎದ್ದ ಆಫೀಸಿನ ಪಾಯದ ಸುತ್ತ ಚೆಲ್ಲಿ, ಉಳಿದದ್ದನ್ನು ನಾಲ್ಕು ದಿನ ಉಂಡಿದ್ದರಂತೆ.

"ಗುಳಿಗಿ ಏರಸಬ್ಯಾಡ್ರಿ ಸರ್," ಎಂದಳು ಶಿವದೇವಿ. "ಭಜ್ಜಿ ಗಡಿಗಿ ಇವತ್ತಿಗೆ ಖಾಲಿ. ಈಗ ಏರಿಸಿದ್ರ ಮುಂದಿನ ವಾರ ಮೂಗಿನಾಗ ರಕ್ತ ಸುರೀತೈತಿ. ಗುರುವಾರ ನಾನ ಮತ್ತ ಚುಚ್ಚಿ ನೋಡತೀನಿ."

ಡಾಕ್ಟರು ಬೀದರಿನವರು. ಮೇಜಿನ ಮೇಲೆ ಅವರ ಊಟದ ಡಬ್ಬಿಯಿಂದಲೂ ಅದೇ ಭಜ್ಜಿಯ ಹಸಿರು ಇಣುಕುತ್ತಿತ್ತು. ಮೆಲ್ಲನೆ ಮುಚ್ಚಳ ಒತ್ತಿ, ನಗು ನುಂಗಿ, ಬರೆದ ಚೀಟಿ ಹರಿದರು.

"ಸಾಲು ಇಲ್ಲೇ ಇರ್ಲಿ."

ಶಿವದೇವಿ ಗೆದ್ದಳು. ಗೆದ್ದದ್ದಕ್ಕೆ ಬಹುಮಾನ, ನರಸಯ್ಯನನ್ನು ಬಿಟ್ಟು ಗುರುವಾರಕ್ಕೆ ಮೂವತ್ತೊಂಬತ್ತು ಬೆರಳು. ನಗು ತಡೆಯಲಾರದೆ ಗದಿಗೆಮ್ಮನ ಡಬ್ಬಿ ಬಿಚ್ಚಿ, ಸಾಲಿನ ಎದುರೇ ಕೂತು ಉಂಡಳು. ಅವಳಿಗೇನು, ಗುಳಿಗೆ ಇರಲಿಲ್ಲವಲ್ಲ.