ಕೆರೆಗೆ ಬಿದ್ದ ಹಲ್ಲುಸೆಟ್ಟು

ನೀರಿನಿಂದ ಶುರು ಮಾಡಲೇ, ಹಲ್ಲಿನಿಂದಲೇ? ನೀರು ಅಂದ ಕೂಡಲೇ ನೀವು ಗಂಭೀರ ಸಾಹಿತ್ಯ ಎಂದುಕೊಂಡು ಮುಖ ಗಂಟಿಕ್ಕುತ್ತೀರಿ. ಹಲ್ಲೇ ಇರಲಿ.

೧. ದೋಣಿಯಲ್ಲಿ ತಾತ ಜೋರಾಗಿ ನಕ್ಕರು. ಹಲ್ಲುಸೆಟ್ಟು ಹಾರಿ ಕೆರೆಗೆ ಬಿತ್ತು. (ಯಾವ ಜೋಕಿಗೆ ಎಂದು ಕೇಳಬೇಡಿ. ಕೆಲವು ಬರೆದು ನೋಡಿದೆ, ಒಂದಕ್ಕೂ ಹಲ್ಲು ಅಲ್ಲಾಡಲಿಲ್ಲ.) ಭಾನುವಾರ ಗೆಳೆಯರ ನಾಟಕದಲ್ಲಿ ತಾತನೇ ರಾಜ. ಹಲ್ಲಿಲ್ಲದೆ "ಸೈನಿಕರೇ, ಸಿಡಿದೇಳಿ!" ಎಂದರೆ ಮುಂದಿನ ಸಾಲಿನವರು ಛತ್ರಿ ಬಿಚ್ಚಬೇಕಾಗುತ್ತದೆ.

೨. ಮೊಮ್ಮಗಳು ಸ್ಕೂಬಾ ಡೈವಿಂಗ್ ಕಲಿಸುವವಳು. ಮರುದಿನವೇ ಸಿಲಿಂಡರು, ಸೂಟು ಹೊತ್ತು ದಡಕ್ಕೆ ಬಂದಳು. ಕೆರೆ ಕಾಯುವಾಕೆ ತಡೆದಳು.

"ಈ ಸೂಟು ಕೊನೇ ಸಲ ಯಾವ ನೀರಲ್ಲಿತ್ತು?"

"ನಿನ್ನೆ, ಪಕ್ಕದೂರಿನ ಕೆರೇಲಿ."

"ಹಾಗಾದ್ರೆ ನೀರಿಗಿಳಿಯೋಕೆ ಪರ್ಮಿಟ್ ಕೊಡಲ್ಲ. ಅಲ್ಲಿ ಹೊರಗಡೆಯಿಂದ ಬಂದ ಕಪ್ಪೆಚಿಪ್ಪು ತುಂಬ್ಕೊಂಡಿದೆ, ಸೂಟಿಗೆ ಅಂಟ್ಕೊಂಡು ಇಲ್ಲಿಗೂ ಬರುತ್ತೆ. ಎಲ್ಲಾ ತೊಳೆದು, ಒಂದು ವಾರ ಒಣಗಿಸಿ ಬನ್ನಿ."

"ನಮ್ಮ ತಾತನ ಹಲ್ಲು ಕಣ್ರೀ!"

"ಹಲ್ಲು ಮರಿ ಹಾಕಲ್ಲಮ್ಮ. ಕಪ್ಪೆಚಿಪ್ಪು ಹಾಕುತ್ತೆ."

೩. ಇಲ್ಲಿ ನಾನು ಮೊಮ್ಮಗಳಿಂದ ಕೆರೆಯ ಬೇಲಿ ಹಾರಿಸಲು ಹೊರಟೆ. ಕಥೆಗೆ ಸ್ವಲ್ಪ ಖಾರ ಬೇಡವೇ? ಅವಳು ಬೇಲಿ ಹತ್ತಿ ಕೂತು, ಬೂಟು ಕೊಡವಿದಳು. ಉಗುರಿನಷ್ಟು ಚಿಪ್ಪೊಂದು ಅಂಗೈಗೆ ಬಿತ್ತು. ಜೀವಂತ.

"ನಾನು ನೀರಿಗೆ ಇಳಿಯಲ್ಲ."

"ಇಳಿಯೇ, ಇದು ಬರೀ ಕಥೆ," ಎಂದೆ.

"ನಿಮಗೆ ಕಥೆ. ಇದು ಹರಡಿದ್ರೆ ನೀರಿನ ಪೈಪೆಲ್ಲ ಕಟ್ಕೊಳ್ಳುತ್ತೆ, ಮೀನಿಗೆ ಊಟ ಇರಲ್ಲ. ನೀವು ಬಂದು ಕೆರೆದು ತೆಗೀತೀರಾ?"

ಬೇಲಿಯನ್ನೇ ಅಳಿಸಿಬಿಟ್ಟೆ. ಅವಳು ನೆಟ್ಟಗೆ ಕಾವಲಿನಾಕೆಯ ಬಳಿ ಹೋಗಿ ಅಂಗೈ ಚಾಚಿದಳು. "ನೀವು ಹೇಳಿದ್ದು ಸರಿ ಅಕ್ಕ."

೪. ಭಾನುವಾರ ತಾತ ಬೋಳು ಬಾಯಲ್ಲೇ ರಂಗಕ್ಕೆ ಬಂದರು. "ಫೈನಿಕರೇ, ಫಿಡಿದೇಳಿ!" ಸೈನಿಕರು ಹೊಟ್ಟೆ ಹಿಡಿದು ನಕ್ಕು ಬಿದ್ದವರು ಏಳಲೇ ಇಲ್ಲ. ದುರಂತ ನಾಟಕಕ್ಕೆ ಜನ ವನ್ಸ್ ಮೋರ್ ಕೂಗಿದರು.

೫. ಇನ್ನು ಮುಕ್ತಾಯ. ಎರಡು ಬರೆದು ನೋಡಿದೆ. ಒಂದು: ಸೂಟು ಒಣಗಿತು, ಅವಳು ಮುಳುಗಿ ಹಲ್ಲು ತಂದಳು. (ತಾತ: "ಮೀನು ಕಚ್ಚಿದ್ದನ್ನ ಬಾಯಿಗೆ ಹಾಕ್ಕೊಳ್ಲಾ? ಥೂ, ಅಳಿಸಯ್ಯ!") ಇನ್ನೊಂದು: ಹಲ್ಲು ಸಿಗಲೇ ಇಲ್ಲ. (ತಾತ: "ಸಪ್ಪೆ.")

ಸದ್ಯಕ್ಕೆ ಸೂಟು ಒಣಗಿ ಪರ್ಮಿಟ್ಟೇನೋ ಸಿಕ್ಕಿದೆ. ಆದರೆ ಮೊಮ್ಮಗಳು ನೀರಿಗಿಳಿಯದೆ, ಕಾವಲಿನಾಕೆಯ ಜೊತೆ ಕೂತು ಹೊರಗಿನಿಂದ ಬಂದ ದೋಣಿಗಳನ್ನು ಚಿಪ್ಪು ಹೋಗುವಂತೆ ಉಜ್ಜುತ್ತಿದ್ದಾಳೆ.

"ಕಥೆ ಮುಗಿಸಬೇಕಲ್ಲಮ್ಮ," ಎಂದೆ.

"ಏನವಸರ? ತಗೊಳ್ಳಿ ಬ್ರಷ್ಷು. ಆ ದೋಣಿಯ ತಳ ನಿಮ್ಮದು."

ಪೆನ್ನು ಜೇಬಿಗೆ ಸಿಕ್ಕಿಸಿ, ಅಂಗಿಯ ತೋಳು ಮಡಚಿದೆ.