ಮೊಣಕೈ ಸವೆಯದ ಕರಿಕೋಟು

ನಮ್ಮ ಮನೆಯವರು ಕೋರ್ಟಿನ ಎದುರು ವಕೀಲರ ಕರಿಕೋಟು ಹೊಲಿಯುವ ದರ್ಜಿ. ಕಾಜಾ, ಗುಂಡಿ ನನ್ನ ಪಾಲು. ಮಗಳು ಲಾ ಓದುತ್ತೇನೆ ಎಂದಾಗ ಇವರು ನಾಲ್ಕು ಕಡೆ ವಿಚಾರಿಸಲೇ ಇಲ್ಲ. ಪ್ರವೇಶ ಪರೀಕ್ಷೆಯಿಲ್ಲದೆ ಬಂದವರನ್ನೆಲ್ಲ ಸೇರಿಸಿಕೊಳ್ಳುವ ಕಾಲೇಜಿಗೆ ನಾಳೆಯೇ ಸೇರಿಸುತ್ತೇನೆಂದು ಹಟ ಹಿಡಿದರು. ಸಾಲದ್ದಕ್ಕೆ ಅವಳ ಅಳತೆ ತೆಗೆದು ಕೋಟಿನ ಬಟ್ಟೆಯನ್ನೂ ಕತ್ತರಿಸಿಬಿಟ್ಟರು! ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದೆಂದರೆ ಇದೇ.

"ಎಲ್ಲಿ ಓದಿದ್ರೇನೇ? ವರ್ಷದಿಂದ ವರ್ಷಕ್ಕೆ ಕೋಟು ಜಾಸ್ತಿ ಹೊಲಿತಿದ್ದೀನಿ. ಕೆಲಸ ಇಲ್ದೇ ಹೊಲಿಸ್ತಾರಾ?"

ಆಗಲೇ ನನ್ನ ನಾದಿನಿಯ ಮಗಳು ಒಳಗೆ ಬಂದಳು. ಅದೇ ಕಾಲೇಜಿನಲ್ಲಿ ಓದಿ ಮುಗಿಸಿ ಮೂರು ವರ್ಷವಾಗಿದೆ. ಕೈಯಲ್ಲಿ ಇವರೇ ಹೊಲಿದುಕೊಟ್ಟ ಕೋಟು.

"ಮಾವ, ಇದನ್ನ ಬಿಚ್ಚಿ ಬೇರೆ ಯಾರಿಗಾದ್ರೂ ಹೊಲಿದುಕೊಡಿ. ನಂಗಿನ್ನು ಬೇಡ."

ಇವರು ಕೋಟನ್ನು ಬೆಳಕಿಗೆ ಹಿಡಿದರು. ಮೊಣಕೈ ಸವೆದಿಲ್ಲ. ಕಂಕುಳಲ್ಲಿ ಬೆವರಿನ ಕಲೆಯಿಲ್ಲ.

"ಏನಮ್ಮಾ ಇದು? ಹಾಕೇ ಇಲ್ವಲ್ಲ!"

"ಹಾಕ್ಕೊಂಡು ಎಲ್ಲಿಗೆ ಹೋಗ್ಲಿ ಮಾವ? ಅಲ್ಲಿ ಸೇರೋಕೂ ಪರೀಕ್ಷೆ ಇಲ್ಲ, ಸೇರಿದ್ಮೇಲೆ ಪಾಠವೂ ಇಲ್ಲ. ವಕೀಲಿ ಪರವಾನಗಿ ಪರೀಕ್ಷೆಲಿ ಎರಡು ಸಲ ಫೇಲಾದೆ. ಪಾಸಾದೋರ ಪಾಡೂ ಅಷ್ಟೇ. ಒಂದು ನೋಟಿಸು ಬರೆಯೋಕೂ ಬರಲ್ಲ ಅಂತ ಹಿರಿಯ ವಕೀಲರು ಹತ್ರ ಸೇರಿಸಲ್ಲ. ನಾನೀಗ ಬಟ್ಟೆ ಅಂಗಡಿಲಿ ಬಿಲ್ಲು ಹಾಕ್ತೀನಿ."

"ಮೊದಲೇ ಹೇಳಬಾರದಿತ್ತಾ?"

"ಕೋಟು ಹೊಲಿದ ದಿನ ನೀವು ಬೀದಿಗೆಲ್ಲ 'ನಮ್ಮ ಲಾಯರಮ್ಮ' ಅಂತ ಹೇಳ್ಕೊಂಡು ಬಂದ್ರಿ. ಆಮೇಲೆ ಯಾವ ಮುಖ ಇಟ್ಕೊಂಡು ಹೇಳ್ಲಿ?"

ಹೊಲಿದ ಕೋಟುಗಳನ್ನು ಲೆಕ್ಕ ಹಾಕಿದ ಈ ಮಹಾನುಭಾವರು, ತೊಟ್ಟವರು ಏನಾದರೆಂದು ಒಮ್ಮೆಯೂ ಕೇಳಿರಲಿಲ್ಲ.

ಮಗಳು ಮೆಲ್ಲಗೆ ಹೇಳಿದಳು: "ಅಪ್ಪಾ, ಪ್ರವೇಶ ಪರೀಕ್ಷೆ ಇರೋ ಕಾಲೇಜಿಗೇ ಪ್ರಯತ್ನ ಮಾಡ್ತೀನಿ. ಒಂದು ವರ್ಷ ತಡ ಆಗುತ್ತೆ. ಸೀಟು ಸಿಗದೇನೂ ಇರಬಹುದು."

"ತಡ ಆಗ್ಲಿ ಬಿಡು," ಎಂದು ಇವರು ಕತ್ತರಿಸಿದ ಬಟ್ಟೆಯನ್ನು ಮಡಚಿಟ್ಟರು. ಸೋದರ ಸೊಸೆಯ ಕೋಟನ್ನು ಬಿಚ್ಚಲು ಮಾತ್ರ ಅವರಿಗೆ ಕೈ ಬರಲಿಲ್ಲ. ನಾನೇ ಬಿಚ್ಚಿದೆ.

ಅಕ್ಕತಂಗಿಯರೇ, ಮಕ್ಕಳನ್ನು ಲಾ ಕಾಲೇಜಿಗೆ ಸೇರಿಸುವ ಮುಂಚೆ ನಾಚಿಕೆ ಬಿಟ್ಟು ಕೇಳಿ. ಹೋದ ವರ್ಷ ಓದಿ ಮುಗಿಸಿದವರಲ್ಲಿ ಪರವಾನಗಿ ಪರೀಕ್ಷೆ ಎಷ್ಟು ಜನ ಪಾಸಾದರು? ಈಗ ಏನು ಮಾಡುತ್ತಿದ್ದಾರೆ? ಅಲ್ಲಿ ಓದಿ ಬಂದವರನ್ನೇ ಹುಡುಕಿ ಮಾತಾಡಿಸಿ. ಸುಲಭವಾಗಿ ಸೀಟು ಸಿಕ್ಕಿತೆಂದು ಹಿಗ್ಗಬೇಡಿ.

ಆ ಕೋಟಿನ ಗುಂಡಿಗಳು ಇನ್ನೂ ನನ್ನ ಡಬ್ಬಿಯಲ್ಲಿವೆ. ಇನ್ನೊಬ್ಬರ ಮಗಳ ಕೋಟಿಗೆ ಹಾಕಲು ನನಗೆ ಮನಸ್ಸು ಬಂದಿಲ್ಲ.